ನೋಲ್ ಡಾಂಕರ್ಸ್‌ನ ಹೆಬ್ಬೆರಳು

ಬ್ರಬಾಂಟಿನಲ್ಲಿ ಸೈಕ್ಲೊಕ್ರಾಸ್ ಎಂಬ ಕೆಸರಿನ ಸೈಕಲ್ ರೇಸಿನ ಪಿಟ್ಟಿನಲ್ಲಿ, ಅಂದರೆ ಸೈಕಲ್ ಬದಲಿಸಿಕೊಳ್ಳುವ ಜಾಗದಲ್ಲಿ, ಟೈರಿಗೆ ಎಷ್ಟು ಗಾಳಿ ಎಂದು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಕೇಳಿದವನೂ ನಂಬುವುದಿಲ್ಲ. ಆಚೀಚೆ ನೋಡಿ, ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಟೈರನ್ನು ಮೆಲ್ಲಗೆ ಹಿಚುಕಿ ಮುಂದೆ ಹೋಗುತ್ತಾನೆ. ಹೀಗೆ ಹಿಚುಕುವವರಿಂದ ಸೈಕಲ್ಲನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದರಲ್ಲಿ ನೋಲ್ ಡಾಂಕರ್ಸ್‌ನನ್ನು ಮೀರಿಸುವವರಿರಲಿಲ್ಲ.

ನಲವತ್ತು ವರ್ಷ ಮನೆಗಳಿಗೆ ಗಿಲಾವು ಮಾಡಿದವನು ಅವನು. ಸುಣ್ಣ, ಸಿಮೆಂಟು ತಿಂದೂ ತಿಂದೂ ಬೆರಳುಗಳು ಕೊರಡಾಗಿದ್ದವು. ಕಾದ ಬಾಣಲೆಯನ್ನು ಬರಿಗೈಯಲ್ಲಿ ಎತ್ತಿಡುತ್ತಿದ್ದ. ಹೆಂಡತಿ ರೀಟ್ ಬೈದರೆ ಹೊಗಳಿದಳೆಂದೇ ತಿಳಿಯುತ್ತಿದ್ದ. ಮಗಳು ಮೇರೆಲ್ ಎಂಟನೆಯ ವಯಸ್ಸಿನಲ್ಲಿ ಜೋಳದ ಹೊಲದ ಕೆಸರಿನಲ್ಲಿ ಊರಿನ ಹುಡುಗರನ್ನೆಲ್ಲ ಹಿಂದೆ ಹಾಕಿದ ದಿನದಿಂದ ಅವಳ ಸೈಕಲ್ಲುಗಳ ಆರೈಕೆ ಅವನ ಪಾಲಿಗೆ ಬಂತು. ಅಡ್ಡ ಹಲಗೆ ಬಂದರೆ ಸೈಕಲ್ಲನ್ನು ಹೆಗಲಿಗೇರಿಸಿ ಓಡುವುದನ್ನಾಗಲಿ, ಚಕ್ರ ಮರಳಿನಲ್ಲಿ ಹೂತರೂ ಇಳಿಯದೆ ತುಳಿಯುವುದನ್ನಾಗಲಿ ಅವಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಗಾಳಿ ಮಾತ್ರ ಅಪ್ಪನದು: ಹೆಚ್ಚಾದರೆ ಚಕ್ರ ಕೆಸರಿನಲ್ಲಿ ಜಾರುತ್ತದೆ, ಕಡಿಮೆಯಾದರೆ ಬೇರಿಗೋ ಕಲ್ಲಿಗೋ ಬಡಿದು ಟೈರು ಒಡೆಯುತ್ತದೆ. ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿ, ಸಾಕು ಎನ್ನುತ್ತಿದ್ದ. ಗಾಳಿ ಅಳೆಯುವ ಮೀಟರು ಹಿಡಿದು ಬಂದವರನ್ನು, ಜ್ವರ ನೋಡುವ ಡಾಕ್ಟರು ಬಂದರು ಎಂದು ಗೇಲಿ ಮಾಡುತ್ತಿದ್ದ.

ಹತ್ತೊಂಬತ್ತಕ್ಕೆ ಮೇರೆಲ್ ವೃತ್ತಿಪರ ತಂಡವೊಂದನ್ನು ಸೇರಿದಳು. ಬೇಸಿಗೆಯೆಲ್ಲ ರಸ್ತೆ ರೇಸು, ದೊಡ್ಡ ಬಸ್ಸು, ಹೋಟೆಲು. ಚಳಿಗಾಲ ಬಂತೆಂದರೆ ಮತ್ತೆ ಅಪ್ಪನ ಹಳೆಯ ವ್ಯಾನು, ರೀಟ್ ಕಟ್ಟಿಕೊಟ್ಟ ಮಾಂಸದ ಬನ್ನು, ಮೊಣಕಾಲುದ್ದ ಕೆಸರು. ಅವಳಿಗೆ ಇಪ್ಪತ್ತೆರಡಾದಾಗ ತಂಡದ ಮ್ಯಾನೇಜರಮ್ಮ ಒಂದು ಮಾತು ಹೇಳಿದಳು. ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಮೊದಲ ಮೂವರಲ್ಲಿ ಬಂದರೆ ಸರಿ. ಇಲ್ಲದಿದ್ದರೆ ಮುಂದಿನ ಚಳಿಗಾಲದಿಂದ ಕೆಸರಾಟ ಬಂದ್, ಸ್ಪೇನಿನಲ್ಲಿ ರಸ್ತೆ ತರಬೇತಿ. ಸ್ಪೇನಿನ ಹೋಟೆಲಿನಲ್ಲಿ ನೋಲ್‌ಗೆ ಏನು ಕೆಲಸ? ಅವನಿಗೆ ಉಳಿದಿದ್ದುದೇ ಈ ಚಳಿಗಾಲಗಳು.

ಆ ನವೆಂಬರಿನಲ್ಲಿ ತಂಡದ ಮೆಕ್ಯಾನಿಕ್ ರುಟ್ಗರ್, ಸಹಾಯಕ್ಕೆ ಎಂದು ಪಿಟ್ಟಿಗೆ ಬರತೊಡಗಿದ. ಮಾತು ಕಡಿಮೆ, ಉಗುರಿನಲ್ಲಿ ಒಂದು ಚೂರು ಗ್ರೀಸಿಲ್ಲ. ಅನುಮಾನ ಪಡಲು ನೋಲ್‌ಗೆ ಅಷ್ಟೇ ಸಾಕಾಯಿತು. ಅದೇ ತಿಂಗಳು ಅವನು ಇನ್ನೊಂದನ್ನು ಗಮನಿಸಿದ: ತಾನು ಬಿಗಿಯಾಗಿ ತಿರುಗಿಸಿಟ್ಟ ವಾಲ್ವಿನ ಮುಚ್ಚಳ ರೇಸಿನ ಹೊತ್ತಿಗೆ ಸಡಿಲವಾಗಿರುತ್ತಿತ್ತು. ಮುಂದಿನ ಭಾನುವಾರ ಮುಚ್ಚಳಕ್ಕೂ ರಿಮ್ಮಿಗೂ ಸೇರಿಸಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ. ಗಂಟೆ ಬಿಟ್ಟು ನೋಡಿದರೆ ಗೆರೆಯ ತುದಿಗಳು ಒಂದಕ್ಕೊಂದು ಕೂಡಲಿಲ್ಲ. ಹೆಬ್ಬೆರಳು ಸುಳ್ಳು ಹೇಳಿದರೂ ಗಿಲಾವಿನವನ ಕಣ್ಣು ಗೆರೆಯ ವಿಷಯದಲ್ಲಿ ತಪ್ಪುವುದಿಲ್ಲ. ಯಾರೋ ಗಾಳಿಗೆ ಕೈ ಹಾಕುತ್ತಿದ್ದರು.

ರುಟ್ಗರನೇ, ಇನ್ಯಾರು? ಮಗಳು ಕೆಸರಿನಲ್ಲಿ ಸೋತರೆ ಲಾಭ ಯಾರಿಗೆ? ರಸ್ತೆ ತಂಡಕ್ಕೆ. ನೋಲ್ ಇದನ್ನು ರೀಟ್‌ಗೆ ಹೇಳಿದ, ನೆರೆಮನೆಯವನಿಗೆ ಹೇಳಿದ, ಬೇಕರಿಯ ಸಾಲಿನಲ್ಲಿ ನಿಂತವರಿಗೂ ಹೇಳಿದ. ಮೇರೆಲ್‌ಗೆ ಮಾತ್ರ ಹೇಳಲಿಲ್ಲ. ರೇಸಿಗೆ ಮುಂಚೆ ಅವಳ ತಲೆ ಕೆಡಬಾರದು. ಈ ನಡುವೆ ಮಗಳು ಒಂದರ ಹಿಂದೊಂದು ರೇಸು ಚೆನ್ನಾಗಿಯೇ ಓಡಿಸುತ್ತಿದ್ದಳಲ್ಲ ಎಂಬುದು ಮಹಾರಾಯನಿಗೆ ಹೊಳೆಯಲೇ ಇಲ್ಲ.

ಚಾಂಪಿಯನ್‌ಷಿಪ್ಪಿನ ದಿನ ಅವನು ಎರಡೂ ಸೈಕಲ್ಲುಗಳಿಗೆ ಬೆಳಿಗ್ಗೆಯೇ ಗಾಳಿ ತುಂಬಿ, ನಾಲ್ಕೂ ಮುಚ್ಚಳಗಳಿಗೆ ಗೆರೆ ಎಳೆದು, ವ್ಯಾನಿಗೆ ಬೀಗ ಜಡಿದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮೇರೆಲ್ ಬಂದು, ಐದು ನಿಮಿಷ ಸೈಕಲ್ ಬೇಕು ಎಂದಳು. ಕೊಡುವುದಿಲ್ಲ ಎಂದ. ಮತ್ತೆ ಕೇಳಿದಳು.

"ಇವತ್ತು ಯಾರ ಕೈಗೂ ಸಿಗಲ್ಲ ಕಣಮ್ಮ. ನಾನು ನೋಡ್ಕೋತೀನಿ. ನೀನು ತುಳಿ, ಅಷ್ಟೆ."

ಮೇರೆಲ್ ಅವನ ಮುಖ ನೋಡಿದಳು, ಜೇಬಿನಲ್ಲಿ ಉಬ್ಬಿದ್ದ ಕೀಲಿ ನೋಡಿದಳು. ಅಪ್ಪ ಅಷ್ಟು ಖುಷಿಯಲ್ಲಿದ್ದುದನ್ನು ಕಂಡು ಇನ್ನು ಕೇಳದೆ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.

ಮೂರನೆಯ ಸುತ್ತಿನಲ್ಲಿ ಅವಳು ಎರಡನೆಯವಳಾಗಿದ್ದಳು. ಪೈನ್ ಮರಗಳ ಬೇರಿನ ಇಳಿಜಾರಿನಲ್ಲಿ ಹಿಂದಿನ ರಿಮ್ಮು ಬೇರಿಗೆ ಬಡಿದ ಸದ್ದು ಪಿಟ್ಟಿಗೂ ಕೇಳಿಸಿತು. ಪಂಕ್ಚರ್. ಅರ್ಧ ಸುತ್ತು ಚಪ್ಪಟೆ ಟೈರಿನಲ್ಲೇ ಬಂದು ಸೈಕಲ್ ಬದಲಿಸಿದಳು. ಐದನೆಯ ಸುತ್ತಿನಲ್ಲಿ, ಅದೇ ಬೇರಿನ ಮೇಲೆ, ಎರಡನೆಯ ಸೈಕಲ್ಲಿನ ಟೈರೂ ಹೋಯಿತು. ಕೊನೆಗೆ ಹನ್ನೊಂದನೆಯವಳಾಗಿ ಬಂದಳು. ಮ್ಯಾನೇಜರಮ್ಮ ಅವಳ ಭುಜ ತಟ್ಟಿ, ಸ್ಪೇನಿನಲ್ಲಿ ಸಿಗೋಣ ಎಂದು ಹೇಳಿ ಕಾರಿನ ಕಡೆ ನಡೆದಳು.

ನೋಲ್ ಕೆಸರು ಮೆತ್ತಿದ ಸೈಕಲ್ಲನ್ನು ಎಳೆದುಕೊಂಡು ಹೋಗಿ, ಪಿಟ್ಟಿನವರೆಲ್ಲರ ಎದುರು ರುಟ್ಗರನ ಕಾಲ ಬುಡದಲ್ಲಿ ಕೆಡವಿದ. ಮಗಳ ಬದುಕಿಗೆ ಕಲ್ಲು ಹಾಕಿದೆಯಲ್ಲೋ ಎಂದ. ರುಟ್ಗರ್ ಕುಕ್ಕರಗಾಲಿನಲ್ಲಿ ಕೂತು, ಒಡೆಯದೆ ಉಳಿದಿದ್ದ ಮುಂದಿನ ಚಕ್ರದ ವಾಲ್ವನ್ನು ಬೆರಳಿನಿಂದ ಒರೆಸಿದ. ಕೆಸರಿನ ಕೆಳಗೆ ಸೀಮೆಸುಣ್ಣದ ಗೆರೆ, ಬೆಳಿಗ್ಗೆ ಎಳೆದ ಹಾಗೇ, ನೆಟ್ಟಗಿತ್ತು. ಮುಚ್ಚಳ ತೆಗೆದು ಮೀಟರು ಒತ್ತಿ ನೋಲ್ ಕಡೆ ಹಿಡಿದ. ಗಾಳಿಯ ಒತ್ತಡ ಒಂದೂವರೆ ಇರಬೇಕಾದ ಕಡೆ ಮುಳ್ಳು ಒಂದರ ಹತ್ತಿರ ನಿಂತಿತ್ತು.

"ಇದಕ್ಕೆ ಯಾರೂ ಕೈ ಹಾಕಿಲ್ಲ, ನೋಲ್. ನೀವೇ ನೋಡಿ," ಎಂದ.

ನೋಲ್ ಟೈರನ್ನು ಒತ್ತಿದ. ಮತ್ತೆ ಒತ್ತಿದ. ಗಟ್ಟಿಯೋ ಮೆತ್ತಗೋ, ಅವನ ಹೆಬ್ಬೆರಳಿಗೆ ಏನೂ ತಿಳಿಯಲಿಲ್ಲ. ತಲೆಯೆತ್ತಿದರೆ ಮೇರೆಲ್ ಎದುರಿಗಿದ್ದಳು. ಅವಳ ಜಾಕೆಟ್ಟಿನ ಜೇಬಿನಿಂದ ಒಂದು ಪುಟ್ಟ ಮೀಟರಿನ ತುದಿ ಇಣುಕುತ್ತಿತ್ತು.

"ಎಷ್ಟು ದಿನದಿಂದ?"

"ಎರಡು ಚಳಿಗಾಲ ಆಯ್ತು, ಅಪ್ಪ."

"ಹೇಳೋದಲ್ವಾ?"

"ಹೇಳಿದ್ರೆ ನೀನು ಬರೋದೇ ಬಿಡ್ತಿದ್ದೆ."

ನಾಚಿಕೆ ಎಂದರೆ ಏನೆಂದು ನೋಲ್‌ಗೆ ಅರವತ್ಮೂರನೆಯ ವಯಸ್ಸಿನಲ್ಲಿ ಗೊತ್ತಾಯಿತು. ಕೆಡಿಸಿದವನಿಗಾಗಿ ಎರಡು ತಿಂಗಳು ಹುಡುಕಿದ್ದ. ಗಾಳಿ ಸರಿಮಾಡಿ ಕಾಪಾಡುತ್ತಿದ್ದವಳನ್ನು ತಾನೇ ಬೀಗ ಹಾಕಿ ಹೊರಗೆ ನಿಲ್ಲಿಸಿದ್ದ.

ಆ ಚಳಿಗಾಲಕ್ಕೆ ಇನ್ನೊಂದೇ ರೇಸು ಉಳಿದಿತ್ತು, ಪಕ್ಕದೂರಿನ ಸಣ್ಣ ರೇಸು. ನೋಲ್ ಬರುವುದಿಲ್ಲವೆಂದು ರೀಟ್ ಅಂದುಕೊಂಡಿದ್ದಳು. ಬಂದ. ಗಾಳಿ ತುಂಬಿದ, ಮುಚ್ಚಳಗಳನ್ನು ಹಾಕಲಿಲ್ಲ. ನಾಲ್ಕನ್ನೂ ವ್ಯಾನಿನೊಳಗೆ ಒಂದು ಬಟ್ಟಲಿಗೆ ಹಾಕಿಟ್ಟ. ಕೀಲಿಯನ್ನು ರುಟ್ಗರನ ಕೈಗೆ ಕೊಟ್ಟು, ಸೈಕಲ್ ತೊಳೆಯುವ ಪೈಪು ಎತ್ತಿಕೊಂಡ.

"ಬೀಗ ಹಾಕ್ಬೇಕಾ?" ಎಂದು ರುಟ್ಗರ್ ಕೇಳಿದ.

"ಬೇಡ," ಎಂದ ನೋಲ್. "ಅವಳು ಬರ್ತಾಳೆ."