ಹೊಸ್ತಿಲಲ್ಲಿ ಹೇಳಿದ ಹೆಸರು

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ಅಣ್ಣಿಗೇರಿ ಹತ್ತಿರದ ಹಳ್ಳಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಊರೆಲ್ಲ ಚಿಕ್ಕಮ್ಮನೆಂಬಂತೆ ಕಾಕೂ ಎಂದೇ ಕರೆಯುತ್ತಿದ್ದ ಬಾಜು ಮನೆಯಾಕೆ ತಮ್ಮ ಸೊಸೆಗೆ ಕುಬಸ ಇಟ್ಟುಕೊಂಡಿದ್ದರು. ಬಸುರಿ ಹುಡುಗಿ ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ಇಟ್ಟುಕೊಂಡು ನಡುಮನೆಯಲ್ಲಿ ಕುಳಿತಿದ್ದಳು. ಜಮಖಾನೆಯ ತುಂಬ ಹೆಂಗಸರು, ಒಲೆಯ ಕಡೆಯಿಂದ ಹೋಳಿಗೆಯ ವಾಸನೆ.

ಇಂಥ ದಿನ ಆರತಿ ಹಿಡಿದವಳು ಸುಮ್ಮನೆ ಹೊಸ್ತಿಲು ದಾಟುವಂತಿಲ್ಲ. ಒಡಪು ಕಟ್ಟಿ, ಆ ಪ್ರಾಸದ ಸಾಲುಗಳಲ್ಲಿ ಗಂಡನ ಹೆಸರು ಹೇಳಬೇಕು. ಉಳಿದ ದಿನ ಬಾಯಿಗೆ ಬರಬಾರದ ಹೆಸರನ್ನು ಅಂದು ಹೇಳದಿದ್ದರೆ ಬಿಡುವವರಿಲ್ಲ. ನನ್ನಜ್ಜಿ ಕಲಿಸಿದ್ದ ಒಡಪೊಂದನ್ನು ರೊಟ್ಟಿ ಬಡಿಯುವಾಗೆಲ್ಲ ಹೇಳಿಕೊಂಡು ನಾನೂ ಸಿದ್ಧಳಾಗಿದ್ದೆ.

ಬಾಗಿಲು ತಡೆಯುವ ಕೆಲಸ ಬೀಗರ ಕಡೆಯವರದು. ಸೊಸೆಯ ಸೋದರತ್ತೆ, ಹುಬ್ಬಳ್ಳಿಯಿಂದ ಬಂದ ಜೋರು ಬಾಯಿಯ ಹೆಂಗಸು, ಸೆರಗು ಸಿಗಿಸಿಕೊಂಡು ನಿಂತಿದ್ದರು. ಒಬ್ಬಾಕೆ ನಾಚಿ ಬಾಯಿ ಮುಚ್ಚಿಕೊಂಡರೆ, "ಹೋಳಗಿಗೆ ಅಷ್ಟ ದೊಡ್ಡ ಬಾಯಿ ತಗೀತಿ, ಗಂಡನ ಹೆಸರಿಗೆ ಯಾಕಬೇ ಬಾಯಿ ಬರೂದಿಲ್ಲ?" ಎಂದು ಎಲ್ಲರನ್ನೂ ನಗಿಸಿದರು.

ಆಗ ಕಾಕೂ ಆರತಿ ತಟ್ಟೆ ಹಿಡಿದು ಬಂದರು. ಅವರ ಹಿಂದೆ ಕುಂಕುಮದ ಬಟ್ಟಲು ಹಿಡಿದು ನಾನು.

"ಬರ್ರಿ ಬೀಗತ್ಯಾರ, ನಿಮ್ಮನಿ ಅಂದ್ರೂ ಬಿಡೂದಿಲ್ರಿ. ಹೆಸರ ಹೇಳ್ರಿ!"

ನಗು ಒಮ್ಮೆಲೇ ನಿಂತಿತು. ಕಾಕೂನ ಮಗ ಅಂಬೆಗಾಲಿಡುತ್ತಿದ್ದಾಗಲೇ ಅವರ ಯಜಮಾನರು ಬೇರೊಂದು ಊರಿನಲ್ಲಿ ಬೇರೊಬ್ಬಾಕೆಯ ಜೊತೆ ಸಂಸಾರ ಹೂಡಿದ್ದರು. ಅಂದಿನಿಂದ ಆ ಹೆಸರನ್ನು ಕಾಕೂ ಎತ್ತಿರಲಿಲ್ಲ, ಅವರೆದುರು ಊರೂ ಎತ್ತುತ್ತಿರಲಿಲ್ಲ. ಮದುವೆಗೂ ಬಂದಿರದ ಹುಬ್ಬಳ್ಳಿಯಾಕೆಗೆ ಇದು ಗೊತ್ತಿರಲಿಲ್ಲ.

ಸೊಸೆಯ ತಾಯಿ ನಾದಿನಿಯ ಸೆರಗು ಜಗ್ಗಿದರು. "ಸಾಕ ಬಿಡವಾ, ಆರತಿ ಆರತೈತಿ."

"ಆರಿದ್ರ ಮತ್ತ ಹಚ್ಚೂಣು. ಬೀಗತಿ ಸಿಕ್ಕಾಗ ಕಾಡಲಿಲ್ಲಂದ್ರ ಹ್ಯಾಂಗ?"

ಯಾರೋ ಸುಮ್ಮನೆ ಕೆಮ್ಮಿದರು. ಇನ್ಯಾರೋ, "ಸೀರಿ ಬಣ್ಣಾ ಅಗದಿ ಚಲೋ ಐತಿ ನೋಡ್ರಿ" ಎಂದರು. ಯಾರೂ ನೋಡಲಿಲ್ಲ. ಬಸುರಿ ಹುಡುಗಿಯ ಕಣ್ಣಲ್ಲಿ ನೀರಾಡಿತು. ಕಾಕೂ ಹಿಂದೆ ಸರಿದರೆ ತಮ್ಮ ಮನೆಯ ಹೊಸ್ತಿಲಲ್ಲೇ, ಬೀಗರೆದುರು ತಲೆ ತಗ್ಗಿಸಿದಂತೆ. ಹೆಸರು ಹೇಳಿದರೆ, ಇಷ್ಟು ವರ್ಷ ಬಿಗಿಹಿಡಿದದ್ದನ್ನು ತಾವೇ ಬಿಟ್ಟುಕೊಟ್ಟಂತೆ.

ಕಾಕೂ ತಟ್ಟೆಯನ್ನು ತುಸು ಮೇಲೆತ್ತಿದರು. ದೀಪದ ಬೆಳಕು ಅವರ ಮುಖಕ್ಕೆ ಬಂತು.

"ಎರಿ ಹೊಲಾ ಹರಗಿಸೀನಿ, ಬಿಳಿ ಹತ್ತಿ ಬಿಡಿಸೀನಿ,
ಒಬ್ಬ ಮಗನ್ನ ಬೆಳೆಸೀನಿ, ಮನಿತುಂಬ ಸೊಸಿ ತಂದೀನಿ,
ಹೆಸರ ಕೇಳತೀರೆಲ್ಲಾ, ನನ್ನ ಹೆಸರ ಹೇಳತೀನಿ..."

ಹಾಗೆಂದು ತಮ್ಮ ಸ್ವಂತ ಹೆಸರನ್ನೇ ಹೇಳಿದರು! ತವರಲ್ಲಿ ಇಟ್ಟ ಹೆಸರು, ಪೂರ್ತಿ, ನಿಧಾನವಾಗಿ.

ಒಡಪಿನಲ್ಲಿ ಹೆಣ್ಣೊಬ್ಬಳು ತನ್ನ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ, ನನ್ನಜ್ಜಿಯೂ ಕೇಳಿರಲಾರಳು. ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿದ್ದೂ ಅವರಿಗೆ ಕಾಕೂ ಅಲ್ಲದೆ ಬೇರೆ ಹೆಸರಿದೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಮುದುಕಿ ಕೈ ನಿಲ್ಲಿಸಿತು. "ಏ ಯವ್ವಾ, ಇಷ್ಟ ಚಂದನ ಹೆಸರ ಇಟಗೊಂಡು ಎಲ್ಲಿ ಮುಚ್ಚಿಟ್ಟಿದ್ದೆಬೇ?"

ನಗು ಮರಳಿ ಬಂತು, ಆದರೆ ಮೊದಲಿನ ನಗು ಅಲ್ಲ. ಹುಬ್ಬಳ್ಳಿಯಾಕೆಗೆ ಏನು ತಿಳಿಯಿತೋ, ಎಷ್ಟು ತಿಳಿಯಿತೋ. ತಲೆಯ ಮೇಲೆ ಸೆರಗು ಹೊದ್ದು, ಬಾಗಿಲು ಬಿಟ್ಟು ನಿಂತು, "ಒಳಗ ಬರ್ರಿ ಅಕ್ಕಾರ" ಎಂದರು. ಕಾಕೂ ಬಲಗಾಲಿಟ್ಟು ದಾಟಿ ಹೋದರು. ತಟ್ಟೆಯ ದೀಪ ಅಲುಗಲಿಲ್ಲ.

ಮುಂದಿನ ಪಾಳಿ ನನ್ನದು. ಕಲಿತ ಒಡಪಿನ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಬಟ್ಟಲು ಹಿಡಿದು ಸುಮ್ಮನೆ ಕಾಕೂನ ಹಿಂದೆಯೇ ಹೊಸ್ತಿಲು ದಾಟಿಬಿಟ್ಟೆ. ಯಾರೂ ತಡೆಯಲಿಲ್ಲ, ಎಲ್ಲರ ಕಣ್ಣೂ ಅವರ ಮೇಲೆಯೇ ಇದ್ದವು.