ತಿಪ್ಪೇರುದ್ರಪ್ಪನವರ ಒಂದೇ ಸೀಟಿನ ದೋಣಿ

ಭರಮಸಾಗರದ ತಿಪ್ಪೇರುದ್ರಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಓಡಿಸಿದವರು. ಅಷ್ಟು ವರ್ಷದಲ್ಲಿ ಗಾಡಿ ಒಂದು ಸಲವೂ ಪಲ್ಟಿಯಾಗಲಿಲ್ಲ, ಒಂದು ಕೋಳಿಯೂ ಚಕ್ರಕ್ಕೆ ಸಿಗಲಿಲ್ಲ. ಕೋಳಿಯ ವಿಷಯ ಅವರೇ ಹೇಳಿದ್ದು, ನಂಬುವುದು ನಮ್ಮ ಧರ್ಮ. ಅಪಘಾತ ಮಾಡದ ಚಾಲಕನೆಂದು ಕೊಟ್ಟ ಬೆಳ್ಳಿ ಪದಕ ನಡುಮನೆಯ ಗೋಡೆಯಲ್ಲಿ, ದೇವರ ಪಟಕ್ಕಿಂತ ಒಂದು ಗೇಣು ಮೇಲೆಯೇ ತೂಗುತ್ತಿತ್ತು.

ಆ ಪದಕದ ಬೆಲೆ ಹೆಂಡತಿ ಏಕನಾಥಮ್ಮನವರಿಗೆ ಗೊತ್ತು. ಚಿತ್ರದುರ್ಗಕ್ಕೆ ಹೋಗಬೇಕೆಂದು ಆಕೆ ಸ್ಟ್ಯಾಂಡಿನಲ್ಲಿ ಕಾದು ನಿಂತರೆ, ಹೆಂಡತಿಗೆ ಸೀಟು ಹಿಡಿದನೆಂದು ಯಾರಾದರೂ ಆಡಿಕೊಂಡಾರೆಂಬ ಭಯಕ್ಕೆ ತಿಪ್ಪೇರುದ್ರಪ್ಪ ಕಿಟಕಿಯಿಂದಲೇ "ಸೀಟಿಲ್ಲ, ಮುಂದಿನ ಗಾಡಿಗೆ ಬಾ" ಎಂದು ಹೊರಟುಬಿಡುತ್ತಿದ್ದರು. "ರಿಟೈರ್ ಆಗ್ಲಿ, ನಿನ್ನ ಬೇಕಾದಂಗೆ ಸುತ್ತಾಡಿಸ್ತೀನಿ" ಎಂಬ ಮಾತೂ ಅದೇ ಕಿಟಕಿಯಿಂದ ಬಂದದ್ದು.

ರಿಟೈರ್ ಆದರು. ಊರ ಕೆರೆಯೂ ತುಂಬಿತು. "ಆಚೆ ದಡ ಹೆಂಗೈತೋ ಒಂದ್ಸಲ ನೋಡ್ಬೇಕು" ಎಂದು ಏಕನಾಥಮ್ಮ ಅಂದದ್ದೇ ತಡ, ತಿಪ್ಪೇರುದ್ರಪ್ಪ ಫೋನಿನಲ್ಲಿ ಹುಡುಕಿ ಮಲ್ಪೆಯವರೊಬ್ಬರಿಂದ ಸಮುದ್ರದ ಕಯಾಕ್ ಕೊಂಡರು. ಸಮುದ್ರವಿಲ್ಲದ ಜಿಲ್ಲೆಗೆ ಸಮುದ್ರದ ದೋಣಿ! ಮಂಗಳೂರಿನಲ್ಲಿ ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಅದು ಬಂತು. ಹದಿನೇಳು ಅಡಿ ಉದ್ದ, ಸೊಂಟದಗಲ ಮೈ, ನಡುವೆ ಕೂರಲು ಒಂದೇ ಒಂದು ತೂತು.

"ನಾನೆಲ್ಲಿ ಕುಂತ್ಕಳ್ಳಿ?" ಎಂದರು ಏಕನಾಥಮ್ಮ.

ತಿಪ್ಪೇರುದ್ರಪ್ಪ ಪೆಚ್ಚಾದರು. ಫೋಟೋದಲ್ಲಿ ಅವರು ನೋಡಿದ್ದು ಡ್ರೈವರ್ ಸೀಟು ಮಾತ್ರ. "ಮೊದ್ಲು ನಾನು ಆಚೆ ದಡ ಮುಟ್ಟಿ ಬತ್ತೀನಿ. ಟ್ರಯಲ್. ಆಮೇಲೆ ನಿಂದು ನೋಡಾಣ" ಎಂದರು.

ಎತ್ತರಕ್ಕೆ ಕೂತು ರಸ್ತೆ ನೋಡದೆ ಅವರು ಗಾಡಿ ಮುಟ್ಟಿದವರಲ್ಲ. ಅವರ ಬಸ್ಸಿನ ಸೀಟಿಗೆ ವರ್ಷಗಟ್ಟಲೆ ದಿಂಬು ಹೊಲಿದುಕೊಟ್ಟ ಕುಶನ್ ಅಂಗಡಿಯ ರಹಮತ್ ಉಲ್ಲಾ ಅವರಿಂದಲೇ ಆರಿಂಚಿನ ಸ್ಪಂಜು, ಕೆಂಪು ರೆಕ್ಸಿನ್ ಹಾಕಿಸಿ ದೋಣಿಗೂ ಒಂದು ದಿಂಬು ಮಾಡಿಸಿದರು.

ಲೈಫ್ ಜಾಕೆಟ್ ಬಿಗಿದು ದಿಂಬಿನ ಮೇಲೆ ಕೂತರೋ ಇಲ್ಲವೋ, ಕಯಾಕ್ ಮಗ್ಗುಲು ಬದಲಿಸಿತು. ಮೊಳಕಾಲುದ್ದ ನೀರಿನಲ್ಲಿ ತಿಪ್ಪೇರುದ್ರಪ್ಪ ಪಲ್ಟಿ. ಎರಡನೇ ದಿನ ಹತ್ತು ಮಾರು ಹೋದರು. ಗಾಳಿ ಬೀಸಿತು, ದೋಣಿಯ ಮೂತಿ ಗಾಳಿಯ ಕಡೆಗೇ ತಿರುಗಿತು. ಸೀಟಿನ ಪಕ್ಕದ ಹಗ್ಗ ಬಿಟ್ಟರೆ ಹಿಂಭಾಗದ ತಳದಿಂದ ಒಂದು ರೆಕ್ಕೆ ಇಳಿಯುತ್ತದೆ, ಆಗ ದೋಣಿ ನೇರ ಹೋಗುತ್ತದೆ ಎಂದು ಮಲ್ಪೆಯವರು ಸ್ಪೀಕರ್ ಫೋನಿನಲ್ಲಿ ಇಬ್ಬರಿಗೂ ಕೇಳುವಂತೆ ಹೇಳಿದ್ದರು. ತಿಪ್ಪೇರುದ್ರಪ್ಪ ಅದಕ್ಕೆ ಹ್ಯಾಂಡ್‌ಬ್ರೇಕ್ ಎಂದು ಹೆಸರಿಟ್ಟಿದ್ದರು. ಹ್ಯಾಂಡ್‌ಬ್ರೇಕ್ ಹಾಕಿಕೊಂಡು ಓಡಿಸುವವನು ಡ್ರೈವರೇ? ಹಗ್ಗ ಮುಟ್ಟದೆ ಹುಟ್ಟನ್ನೇ ಸ್ಟೇರಿಂಗಿನಂತೆ ತಿರುಗಿಸಿದರು. ಮತ್ತೆ ಪಲ್ಟಿ. ಮೂರನೇ ದಿನದ್ದು ಹೇಳುವುದು ಬೇಡ, ಎಮ್ಮೆ ತೊಳೆಯುತ್ತಿದ್ದವರು ಎತ್ತಿ ತಂದರು.

ಆ ಸಂಜೆ ಅವರಿಗೆ ನಿಜವಾಗಿಯೂ ಸಂಕಟವಾಯಿತು. ಒಂದು ಕೆರೆ ದಾಟಲಾರದವನು ಅಷ್ಟು ವರ್ಷ ಅಷ್ಟು ಜನರನ್ನು ಹೇಗೆ ಊರು ಮುಟ್ಟಿಸಿದೆನೋ ಎಂದು ತಮ್ಮ ಮೇಲೇ ಅನುಮಾನ ಬಂತು. ಯಾರಿಗೂ ಹೇಳದೆ ಪದಕ ಇಳಿಸಿ ಬೀರುವಿನಲ್ಲಿಟ್ಟರು. ಏಕನಾಥಮ್ಮ ಅದನ್ನು ನೋಡಿದರು.

ಮರುದಿನ ದಿಂಬು ಬಗಲಲ್ಲಿಟ್ಟುಕೊಂಡು ಅಂಗಡಿಗೆ ಹೋದರು. "ರಹಮತ್ ಸಾಬ್ರೇ, ಇನ್ನೆರಡಿಂಚು ಏರ್ಸ್ರಿ. ಮುಂದೆ ನೀರು ಸರಿಯಾಗಿ ಕಾಣ್ವಲ್ದು."

"ನೋಡಾಕೆ ಇನ್ನೇನೈತ್ರಿ? ಒಳಗೇ ಹೋಗಿ ನೋಡ್ಕಂಡು ಬಂದೀರಲ್ಲ" ಎನ್ನುತ್ತಲೇ ರಹಮತ್ ಉಲ್ಲಾ ಏರಿಸಿಕೊಟ್ಟರು.

ಎಂಟಿಂಚಿನ ದಿಂಬಿನೊಂದಿಗೆ ವಾಪಸು ಬಂದರೆ ದಡದಲ್ಲಿ ಕಯಾಕ್ ಇಲ್ಲ. ಅದು ಕೆರೆಯ ನಡುಮಧ್ಯೆ ಇತ್ತು, ಅದರಲ್ಲಿ ಏಕನಾಥಮ್ಮ ಇದ್ದರು. ಲೈಫ್ ಜಾಕೆಟ್ ತೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಂಬಿಲ್ಲದ್ದರಿಂದ ತಳಕ್ಕೇ ಅಂಟಿ ಕೂತಿದ್ದರು. ಎಡಗೈ, ಬಲಗೈ, ಮಜ್ಜಿಗೆ ಕಡೆದಂತೆ ಹುಟ್ಟು ಆಡುತ್ತಿತ್ತು. ಗಾಳಿ ಬಂದಾಗ ಹಗ್ಗ ಬಿಟ್ಟರು. ಡ್ರೈವಿಂಗ್ ಬಾರದ ಹೆಂಗಸು, ಮಲ್ಪೆಯವರ ಮಾತನ್ನು ಹಾಗೆಹಾಗೇ ನಂಬಿದ್ದರು. ದೋಣಿ ಗೆರೆ ಎಳೆದಂತೆ ನೇರ ಹೋಯಿತು.

ತಿಪ್ಪೇರುದ್ರಪ್ಪನವರಿಗೆ ಮೊದಲು ಜೀವ ಬಾಯಿಗೆ ಬಂತು, ಆಮೇಲೆ ಹೆಮ್ಮೆಯಾಯಿತು, ಅದರ ಹಿಂದೆಯೇ ನಾಚಿಕೆ. ದೋಣಿ ಆಚೆ ದಡ ಮುಟ್ಟಿ, ತಿರುಗಿ, ಈಚೆ ದಡದ ಹತ್ತಿರ ಬಂದಾಗ ತಡೆಯಲಾರದೆ ಕೂಗಿದರು: "ಏಕನಾಥೀ, ನಾನೂ ಬತ್ತೀನಿ ಕಣೇ!"

ಏಕನಾಥಮ್ಮ ಹುಟ್ಟು ನಿಲ್ಲಿಸಿದರು. ತಾವು ಕೂತ ತೂತನ್ನೊಮ್ಮೆ, ಗಂಡನ ಬಗಲ ದಿಂಬನ್ನೊಮ್ಮೆ ನೋಡಿದರು.

"ಸೀಟಿಲ್ಲ ರೀ. ಮುಂದಿನ ಗಾಡಿಗೆ ಬರ್ರಿ."

ಕಯಾಕ್ ಮತ್ತೆ ಆಚೆ ದಡದ ಕಡೆ ಹೊರಟಿತು. ತಿಪ್ಪೇರುದ್ರಪ್ಪ ದಿಂಬನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತರು. ಅಲ್ಲಿಂದ ನೀರು ಚೆನ್ನಾಗಿಯೇ ಕಾಣುತ್ತಿತ್ತು.