ಮುಂದಿನ ಚಕ್ರದ ಕುಂಕುಮ

ನನ್ನ ಜೀಪನ್ನು ಟ್ರ್ಯಾಕ್ಟರ್ ಎಳೆಯುತ್ತಿರುವ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಮಧುಗಿರಿಯಿಂದ ಹೊರಟು, ಕೊರಟಗೆರೆ ಸುತ್ತಿ, ಶಿರಾ ದಾಟಿ, ಪಾವಗಡದವರೆಗೆ ಹೋಗಿಬಂದಿದೆ ಅದು. (ಜೀಪು ಇನ್ನೂ ಅಷ್ಟು ದೂರ ಹೋಗಿಲ್ಲ.) ಮರಳಿನಲ್ಲಿ ಹೂತ ಹಸಿರು ಜೀಪು, ಮುಂದೆ ಹೊಗೆ ಕಕ್ಕುವ ಟ್ರ್ಯಾಕ್ಟರು, ಸ್ಟೇರಿಂಗ್ ಹಿಂದೆ ಮುಖ ಬಿಗಿದುಕೊಂಡ ಒಬ್ಬ ಹೆಂಗಸು. ಆ ಹೆಂಗಸು ನಾನೇ. ಹಿನ್ನೆಲೆಯಲ್ಲಿ "ನಾನು ಆಗ್ಲೇ ಹೇಳಿದ್ದೆ, ಆಗ್ಲೇ ಹೇಳಿದ್ದೆ" ಎಂದು ಕೇಳಿಸುವ ದನಿ ನಮ್ಮ ಯಜಮಾನರದು.

ಆ ವಿಡಿಯೋದ ಆಮೇಲಿನ ಕತೆಯನ್ನು ಇವತ್ತು ಹೇಳುತ್ತೇನೆ. ಅದು ನಿಮ್ಮ ಮೊಬೈಲಿಗೆ ಬಂದಿರಲಾರದು. ಸೋತವರ ವಿಡಿಯೋ ಓಡಿದಷ್ಟು ಗೆದ್ದವರದು ಓಡುವುದುಂಟೇ?

ಮೊದಲು ಜೀಪು ಬಂದ ಬಗೆ. ಐವತ್ತು ದಾಟಿದ ಹೈಸ್ಕೂಲ್ ಟೀಚರ್‌ಗೆ ಹಳೆಯ ಡೀಸೆಲ್ ಜೀಪು ಯಾಕೆ? ಮನೆಯಲ್ಲೂ ಇದೇ ಪ್ರಶ್ನೆ, ಸ್ಟಾಫ್ ರೂಮಿನಲ್ಲೂ ಇದೇ ಪ್ರಶ್ನೆ. ನಮ್ಮ ಹುಣಸೆ ತೋಪು ಜಯಮಂಗಲಿ ನದಿಯ ಆಚೆ ದಡದಲ್ಲಿದೆ. ನದಿಯಲ್ಲಿ ನೀರು ಕೆಲವೇ ದಿನ, ಮರಳು ವರ್ಷವಿಡೀ. ಸೇತುವೆ ಹಿಡಿದು ಸುತ್ತಿಕೊಂಡು ಹೋಗುವಷ್ಟರಲ್ಲಿ ಫ್ಲಾಸ್ಕಿನ ಕಾಫಿಯೂ ಆರಿರುತ್ತದೆ. ಇಪ್ಪತ್ತು ವರ್ಷದಿಂದ "ಯಾರಾದರೂ ಆಚೆ ದಡಕ್ಕೆ ಬಿಡ್ತೀರಾ?" ಎಂದು ಕೇಳಿ ಕೇಳಿ ನನಗೆ ಸಾಕಾಗಿತ್ತು. ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಜೀಪಾದರೆ ಮರಳಲ್ಲಿ ಸಲೀಸಾಗಿ ದಾಟುತ್ತದೆ ಎಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು.

ಶಿರಾದಲ್ಲಿ ಕಡಲೆಕಾಯಿ ವ್ಯಾಪಾರದ ಅನ್ವರ್ ಸಾಬರ ಬಳಿ ಅಂಥದ್ದೊಂದು ಇತ್ತು. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡ ಜೀಪು. ಹಳ್ಳಿ ಹಳ್ಳಿಯಿಂದ ಮೂಟೆ ಹೊತ್ತು ತಂದದ್ದು. ಸಾಬರಿಗೆ ಮಂಡಿನೋವು ಬಂದು ಕ್ಲಚ್ ತುಳಿಯಲಾಗದೆ ಮಾರಲು ಕೂತಿದ್ದರು. ನಾನು ಜೀಪನ್ನು ಪರೀಕ್ಷೆ ಮಾಡಲು ಹೋದರೆ ಅವರೇ ನನಗೆ ಪರೀಕ್ಷೆ ಇಟ್ಟರು.

"ಸ್ಟಾರ್ಟ್ ಮಾಡಿ ಮೇಡಂ."

ಕೀ ತಿರುಗಿಸಿದೆ. ಸದ್ದಿಲ್ಲ.

"ಹೀಟರ್ ದೀಪ ನೋಡಿ. ಅದು ಆರೋವರ್ಗೂ ಕಾಯ್ಬೇಕು. ಅರ್ಜೆಂಟ್ ಮಾಡೋರಿಗೆ ಈ ಗಾಡಿ ಬಿಲ್ಕುಲ್ ಕೊಡಲ್ಲ ನಾನು."

ಕಾದೆ. ದೀಪ ಆರಿತು. ಕೀ ಇನ್ನೊಂದು ಸುತ್ತು ತಿರುಗಿಸಿದೆ. ಒಮ್ಮೆ ಮೈ ಕೊಡವಿಕೊಂಡು, ಒಂದು ಬುಟ್ಟಿ ಕಪ್ಪು ಹೊಗೆ ಬಿಟ್ಟು, ಜೀಪು ಗುಡುಗತೊಡಗಿತು. ಸಾಬರು ತಲೆಯಾಡಿಸಿದರು. "ಪಾಸು."

ಜೀಪು ತರುವ ದಿನ ಸಾಬರು ಮುಂದಿನ ಚಕ್ರದ ಬಳಿ ಕಷ್ಟಪಟ್ಟು ಬಗ್ಗಿ ಏನನ್ನೋ ತೋರಿಸಿ ಹೇಳುತ್ತಿದ್ದರು. ಅದೇ ಹೊತ್ತಿಗೆ ಹಿಂದಿನ ಚಕ್ರದ ಕೆಳಗಿಟ್ಟ ನಿಂಬೆಹಣ್ಣು ಉರುಳಿಹೋಗಿತ್ತು. ನಾನು ಅದನ್ನು ಹುಡುಕುತ್ತಾ "ಹೂಂ ಸಾಬ್ರೇ, ಹೂಂ" ಅಂದೆ.

ಆ ಎರಡು 'ಹೂಂ' ನೆನಪಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ ಜೀಪು ನಮ್ಮತ್ತೆಯವರ ಕೈಗೆ ಬಿತ್ತು. ಎಂಬತ್ತರ ಹತ್ತಿರದ ಜೀವ. ನಾನು ಬರೆಯುವ ಕನ್ನಡದಲ್ಲಿ ಅರ್ಧ ಅವರ ಬಾಯಿಂದ ಕದ್ದದ್ದು. ಮಂಗಳವಾರ, ಶುಕ್ರವಾರ ತಪ್ಪದೆ ಜೀಪಿಗೆ ಪೂಜೆ. ಮುಂದಿನ ಎರಡು ಚಕ್ರಗಳ ನಟ್ಟನಡುವೆ ಲೋಟದಂಥ ಗುಂಡನೆಯ ಭಾಗವೊಂದು ಎದ್ದು ನಿಂತಿದೆ. ಚಕ್ರದ ಮಧ್ಯೆ ಅಂಥದ್ದೊಂದು ಕಂಡರೆ ಅರಿಶಿನ ಕುಂಕುಮ ಇಡದೆ ಸುಮ್ಮನಿರುವ ಕೈ ನಮ್ಮ ಸೀಮೆಯಲ್ಲಿದೆಯೇ? ಅರಿಶಿನ, ಅದರ ಮೇಲೆ ಕುಂಕುಮ, ಆಯುಧಪೂಜೆಗೆ ವಿಭೂತಿ ಪಟ್ಟೆ, ಎಣ್ಣೆಯ ಜಿಡ್ಡಿಗೆ ಅಂಟಿ ಮತ್ತೊಂದು ಪದರ. ಕೆಲವೇ ತಿಂಗಳಲ್ಲಿ ಅಲ್ಲೊಂದು ಪುಟ್ಟ ಹುತ್ತವೇ ಬೆಳೆಯಿತು.

ಹುಣಸೆ ಕೊಯ್ಲಿನ ಹೊತ್ತಿಗೆ ಮೊದಲ ಸಲ ನದಿಗಿಳಿದೆವು. ಗೇರಿನ ಪಕ್ಕದ ಚಿಕ್ಕ ಲಿವರ್ ಎಳೆದರೆ ನಾಲ್ಕೂ ಚಕ್ರ ಕೆಲಸ ಮಾಡುತ್ತವೆ ಎಂದು ಗೊತ್ತಿತ್ತು. ಹೆಮ್ಮೆಯಿಂದ ಎಳೆದೆ. ನದಿಯ ಮಧ್ಯದವರೆಗೆ ಹೋದ ಜೀಪು ಅಲ್ಲಿ ಕೂತಿತು. ಆಕ್ಸಿಲರೇಟರ್ ಒತ್ತಿದಷ್ಟೂ ಹೂತುಹೋಯಿತು. ಹಿಂದಿನ ಚಕ್ರಗಳು ಮರಳೆರಚುತ್ತಿದ್ದರೆ ಮುಂದಿನವು ಸುಮ್ಮನೆ ನೋಡುತ್ತಿದ್ದವು. ಉಳಿದದ್ದನ್ನು ನೀವು ವಿಡಿಯೋದಲ್ಲಿ ನೋಡಿದ್ದೀರಿ.

ಎಳೆದುಕೊಟ್ಟ ಟ್ರ್ಯಾಕ್ಟರಿನವನು ಕಾಸು ಬೇಡವೆಂದ. ವಿಡಿಯೋ ಸಾಕಂತೆ.

"ಸಾಬ್ರು ಟೋಪಿ ಹಾಕವ್ರೆ ಕಣೇ," ಎಂದರು ಯಜಮಾನರು. "ಲಿವರ್ ಬರೀ ಶೋಗೆ."

ನನಗೂ ಹಾಗೇ ಅನ್ನಿಸತೊಡಗಿತು. ಶಾಲೆಯ ಗೇಟಿನಲ್ಲಿ ಮಕ್ಕಳು ನನ್ನನ್ನು ಕಂಡರೆ ಟ್ರ್ಯಾಕ್ಟರ್ ಸದ್ದು ಮಾಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ "ಟೀಚರ್, ಹಗ್ಗ ತಂದಿದ್ದೀರಾ?" ಎಂಬುದೇ ಗುಡ್ ಮಾರ್ನಿಂಗ್. ಆ ವಾರವೇ ಪಾವಗಡದ ಕಡೆಯ ತಿರುಮಣಿಯಿಂದ ಫೋನು. ಈರಣ್ಣ ಅಂತ. ಹೊಲವನ್ನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟು, ಗುಡ್ಡದ ಬುಡದ ದಾಳಿಂಬೆ ತೋಟವೊಂದನ್ನು ಉಳಿಸಿಕೊಂಡವರು. ಅಲ್ಲಿಗೆ ಓಡಾಡಲು ಜೀಪು ಬೇಕಂತೆ.

"ವಿಡಿಯೋ ಚೂಶಾನಮ್ಮಾ," ಅಂದರು ತೆಲುಗು ಬೆರೆತ ಕನ್ನಡದಲ್ಲಿ. "ಗಾಡಿ ಸಿಕ್ಕಾಕ್ಕೊಂಡಿದ್ದು ಆಮೇಲ್ ನೋಡಿದ್ದು. ಮೊದ್ಲು ಇಂಜಿನ್ ಸೌಂಡ್ ಕೇಳ್ದೆ. ಬಾಗುಂದಿ, ಚೆನ್ನಾಗಿದೆ. ಮಾರ್ತೀರಾ?"

"ಮಾರ್ತಾಳೆ," ಎಂದು ಪಕ್ಕದಿಂದ ಯಜಮಾನರು ಹೇಳಿಬಿಟ್ಟರು. ನಾನೂ ಸೋತ ಮುಖದಲ್ಲಿ ಹೂಂ ಅಂದೆ. (ಮೂರನೆಯ ಹೂಂ.) ಈರಣ್ಣ ಭಾನುವಾರ ಬರುವುದು, ಅದೇ ಮರಳಲ್ಲಿ ಒಮ್ಮೆ ಓಡಿಸಿ ನೋಡುವುದು, ಒಪ್ಪಿದರೆ ಅಂದೇ ತೆಗೆದುಕೊಂಡು ಹೋಗುವುದು ಎಂದಾಯಿತು.

ಕೊಡುವ ಮುಂಚೆ ಸಾಬರನ್ನೊಮ್ಮೆ ಕೇಳಿಯೇ ಬಿಡೋಣ ಎಂದು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟವಳೇ ಶಿರಾಕ್ಕೆ ಹೊರಟೆ. ಬಯ್ಯಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅಂಗಡಿ ಮುಂದೆ ನಿಲ್ಲಿಸಿ, "ಇಷ್ಟು ವರ್ಷದ ವ್ಯಾಪಾರಸ್ಥರು, ಹೆಣ್ಣುಮಗಳಿಗೆ ಹಿಂಗೆ ಮಾಡಬಹುದಾ?" ಎಂದು ಶುರು ಮಾಡಿದೆ. ಸಾಬರು ಮಂಡಿ ಹಿಡಿದುಕೊಂಡು ಮುಂದಿನ ಚಕ್ರದ ಹತ್ತಿರ ಬಗ್ಗಿದರು. ಉಗುರಿನಿಂದ ಹುತ್ತವನ್ನು ಕೆರೆದರು. ಒಂದು ಚಕ್ಕೆ ಅರಿಶಿನ ಬಿತ್ತು, ಒಂದು ಚಕ್ಕೆ ಕುಂಕುಮ ಬಿತ್ತು.

"ಇದನ್ನ ತಿರುಗಿಸಿದ್ರಾ ಮೇಡಂ?"

"ಯಾವುದನ್ನ?"

ಸಾಬರು ನನ್ನ ಮುಖವನ್ನು, ಆಮೇಲೆ ಚಕ್ರವನ್ನು ನೋಡಿದರು. ನಗು ಬಂತು ಅವರಿಗೆ, ದೊಡ್ಡವರಾದ್ದರಿಂದ ತಡೆದುಕೊಂಡರು. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದರು. ಪದರದಡಿಯಿಂದ ಒಂದು ತಿರುಪು ಹಿಡಿ ಹೊರಬಂತು, ಸುತ್ತ ಸಣ್ಣ ಅಕ್ಷರಗಳು. ಒಂದು ಕಡೆ 'ಫ್ರೀ', ಇನ್ನೊಂದು ಕಡೆ 'ಲಾಕ್'.

ಹಳೆಯ ಜೀಪಿನ ಪದ್ಧತಿ ಅದು. ರಸ್ತೆಯಲ್ಲಿ ಓಡುವಾಗ ಮುಂದಿನ ಚಕ್ರಗಳು ಇಂಜಿನ್ನಿನ ಹಂಗಿಲ್ಲದೆ ಸುಮ್ಮನೆ ಉರುಳುತ್ತವೆ. ಮರಳೋ ಕೆಸರೋ ಸಿಕ್ಕರೆ ಕೆಳಗಿಳಿದು, ಎರಡೂ ಚಕ್ರದ ಹಿಡಿಯನ್ನು ಕೈಯಾರೆ ಲಾಕಿಗೆ ತಿರುಗಿಸಬೇಕು. ಆಮೇಲೆ ಲಿವರ್. ಇಲ್ಲದಿದ್ದರೆ ಲಿವರ್ ಎಳೆದರೂ ಬಲ ಚಕ್ರದ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

"ಆವತ್ತೇ ತೋರಿಸಿದ್ನಲ್ಲ ಮೇಡಂ. ನೀವು ಹೂಂ ಅಂದ್ರಿ."

ನಿಂಬೆಹಣ್ಣು ಹುಡುಕುತ್ತಿದ್ದೆ ಎಂದು ಹೇಗೆ ಹೇಳಲಿ? ಜೋಡಿಸಿಟ್ಟುಕೊಂಡಿದ್ದ ಬೈಗುಳಗಳನ್ನೆಲ್ಲ ನುಂಗಿ, ಅವರು ಕೊಟ್ಟ ಚಹಾ ಕುಡಿದು ಎದ್ದೆ. ಹೊರಡುವಾಗ ಸಾಬರು ಒಂದೇ ಮಾತು ಹೇಳಿದರು. "ಮಾರೋದು ಬಿಡೋದು ನಿಮ್ಮಿಷ್ಟ. ನನ್ ಗಾಡಿ ಮರಳಲ್ಲಿ ನಿಲ್ಲುತ್ತೆ ಅಂತ ಮಾತ್ರ ಯಾರೂ ಅನ್ಬಾರ್ದು."

ಈಗ ನನ್ನ ಸಂಕಟ ನೋಡಿ. ಜೀಪು ಮಾರುವ ಮನಸ್ಸಿಲ್ಲ, ಕೊಟ್ಟ ಮಾತು ತಪ್ಪುವ ಹಾಗಿಲ್ಲ. ಹಿಡಿ ತಿರುಗಿಸಿದರೆ ಜೀಪು ಓಡುತ್ತದೆ, ಈರಣ್ಣ ಒಪ್ಪಿ ತೆಗೆದುಕೊಂಡು ಹೋಗುತ್ತಾರೆ. ತಿರುಗಿಸದಿದ್ದರೆ ಜೀಪು ಹೂತುಹೋಗುತ್ತದೆ, ಈರಣ್ಣ ಬಸ್ಸು ಹತ್ತುತ್ತಾರೆ, ಜೀಪು ನನಗೇ ಉಳಿಯುತ್ತದೆ. ಆದರೆ ಎರಡನೆಯ ಸಲವೂ ಟ್ರ್ಯಾಕ್ಟರು. ಸಾಬರ ಮೇಲಿನ ಅಪವಾದವೂ ಹಾಗೇ. ಓಡಿದರೆ ಜೀಪು ಹೋಗುತ್ತದೆ, ಓಡದಿದ್ದರೆ ಮಾನ ಹೋಗುತ್ತದೆ. ಇಂಥ ಪ್ರಶ್ನೆಯನ್ನು ನಾನು ಮಕ್ಕಳಿಗೆ ಎಂದೂ ಕೊಟ್ಟವಳಲ್ಲ.

ಮನೆಯಲ್ಲಿ ಬಾಯಿ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆಯವರ ಪೂಜೆ ಆಗಲೇ ಮುಗಿದಿದೆ. ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಜೀಪಿಗೆ ದಪ್ಪನೆಯ ಅರಿಶಿನ, ಅಗಲ ಕುಂಕುಮ. ಸಾಬರು ಉಜ್ಜಿದ ಅಕ್ಷರಗಳು ಮತ್ತೆ ಮಾಯ. "ಹೋಗೋ ಗಾಡಿ ಕಣಮ್ಮ, ಬರಿ ಮೈಯಲ್ಲಿ ಕಳ್ಸಬಾರ್ದು. ನಾನೂ ನದಿಗಂಟ ಬತ್ತೀನಿ," ಎಂದು ಮುಂದಿನ ಸೀಟಿನಲ್ಲಿ ಕೂತೇಬಿಟ್ಟರು.

ಈರಣ್ಣ ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ಬಾನೆಟ್ ಎತ್ತಿಸಿ ಕಿವಿಯಿಟ್ಟು ಕೇಳಿ, ಹಿಂದಿನ ಸೀಟಿನಲ್ಲಿ ಯಜಮಾನರ ಪಕ್ಕ ಕೂತರು. ನದಿ ದಂಡೆಯಲ್ಲಿ ಟ್ರ್ಯಾಕ್ಟರಿನವನು ಆಗಲೇ ಮೊಬೈಲು ಹಿಡಿದು ನಿಂತಿದ್ದ. (ಇವನಿಗೆ ಹೇಳಿದವರು ಯಾರು ಎಂದು ಯಜಮಾನರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.)

ಮರಳು ಶುರುವಾಗುವಲ್ಲಿ ಜೀಪು ನಿಲ್ಲಿಸಿದೆ. ಸ್ಟೇರಿಂಗ್ ಮೇಲೆ ಕೈಯಿಟ್ಟು ಒಂದು ಕ್ಷಣ ಕೂತೆ. ಹಾಗೇ ಹೊರಟುಬಿಟ್ಟರೆ? ನದಿಯ ಮಧ್ಯಕ್ಕೆ ಹೋದರೆ ಸಾಕು, ಹೂತುಹೋಗುತ್ತದೆ. ಜೀಪು ನನ್ನದಾಗೇ ಉಳಿಯುತ್ತದೆ.

ಇಂಜಿನ್ನು ಗುಡುಗುತ್ತಲೇ ಇತ್ತು. ಪಾಪ, ಅದು ಆವತ್ತೂ ಹೀಗೇ ದುಡಿದಿತ್ತು. ಅದರ ದುಡಿಮೆ ಚಕ್ರಕ್ಕೆ ಮುಟ್ಟದ ಹಾಗೆ ಮಾಡಿದವಳು ನಾನು. ಮತ್ತೊಮ್ಮೆ ಅದನ್ನೇ ಗೊತ್ತಿದ್ದೂ ಮಾಡಲೇ?

ಇಳಿದೆ. ಸೀರೆ ಮಡಚಿ ಮರಳಲ್ಲಿ ಮಂಡಿಯೂರಿದೆ. ಆದರೆ ಕೈ ಮುಂದಕ್ಕೆ ಹೋಗಲಿಲ್ಲ. ಬೆಳಿಗ್ಗೆ ಅತ್ತೆಯವರು ಇಟ್ಟ ಕುಂಕುಮ, ಅವರೆದುರೇ ಹೇಗೆ ಕೆರೆಯುವುದು?

"ಏನೇ ಅದು, ಅಲ್ಲೇನ್ ಮಾಡ್ತಿದೀಯಾ?" ಯಜಮಾನರು ಹಿಂದಿನಿಂದ ಇಣುಕಿದರು.

"ಇದರ ಕೆಳಗೆ ಒಂದು ಹಿಡಿ ಇದೆ. ಅದನ್ನ ತಿರುಗಿಸಿದ್ರೇನೇ ಮುಂದಿನ ಚಕ್ರ ಕೆಲಸ ಮಾಡೋದು. ಇಷ್ಟು ದಿನ ಕುಂಕುಮದಲ್ಲಿ ಮುಚ್ಚಿಹೋಗಿತ್ತು."

ಅತ್ತೆಯವರು ಸೀಟಿನಿಂದಲೇ ಬಗ್ಗಿ ನೋಡಿದರು.

"ಅಂಗಾದ್ರೆ ವರ್ಸು ಕಣಮ್ಮ. ಕುಂಕುಮಕ್ಕೇನು, ಇನ್ನೊಂದ್ ಕಡೆ ಇಟ್ರಾಯ್ತು. ನಾನೇ ಗಾಡಿ ಕೈ ಕಟ್ಟಾಕಿದ್ನಾ ಇಷ್ಟ್ ದಿನ?"

ಒರೆಸಿದೆ. ಎಡಗಡೆ ಟಕ್. ಬಲಗಡೆ ಟಕ್. ಹತ್ತಿ ಕೂತು ಲಿವರ್ ಎಳೆದೆ.

ಏನು ಹೇಳಲಿ? ಮುಂದಿನ ಚಕ್ರಗಳು ಮೊದಲ ಸಲ ಮರಳನ್ನು ಕಚ್ಚಿದ್ದು ನನ್ನ ಅಂಗೈಗೇ ಗೊತ್ತಾಯಿತು. ಜೀಪು ಓಡಲಿಲ್ಲ, ನಡೆಯಿತು. ಗದ್ದೆಯಲ್ಲಿ ಎತ್ತು ಹೆಜ್ಜೆ ಕೀಳುವ ಹಾಗೆ, ಅವಸರವಿಲ್ಲದೆ, ಒಂದೇ ಸಮನೆ. ಹಿಂದೆ ಹೂತಿದ್ದ ಗುಂಡಿ ಬಂತು, ದಾಟಿತು. ಆಚೆ ದಡದ ಏರು ಬಂತು. ಮೂತಿ ಮೇಲೆ ಮಾಡಿ ಹತ್ತಿ, ನಮ್ಮ ಹುಣಸೆ ಮರದ ನೆರಳಲ್ಲಿ ನಿಂತಿತು. ಅತ್ತೆಯವರು ತಲೆಯ ಸೆರಗು ಸರಿಮಾಡಿಕೊಂಡು, "ಲೇ ಟ್ರಾಕ್ಟ್ರು, ಹಿಡ್ಕೊಂಡೇನ್ಲಾ ವೀಡ್ಯಾ?" ಎಂದು ಆಚೆ ದಡಕ್ಕೆ ಕೂಗಿದರು.

ಈರಣ್ಣ ಕೆಳಗಿಳಿದು ಜೀಪನ್ನು ಒಂದು ಸುತ್ತು ಹಾಕಿದರು. "ಚಾಲಾ ಬಾಗುಂದಿ. ಮಾತಾಡಿದ್ದಕ್ಕಿಂತ ಮೇಲೇ ಕೊಡ್ತೀನಿ ಸ್ವಾಮೀ," ಎಂದು ಯಜಮಾನರ ಕಡೆ ತಿರುಗಿದರು.

ನನ್ನ ಎದೆ ಹೀಟರ್ ದೀಪದ ಹಾಗೆ ಉರಿಯುತ್ತಿತ್ತು. ಯಜಮಾನರು ಚಕ್ರ ನೋಡಿದರು, ನನ್ನ ಸೀರೆಗೆ ಅಂಟಿದ ಮರಳು ನೋಡಿದರು. "ಆಗ್ಲೇ ಹೇಳಿದ್ದೆ" ಅನ್ನಲಿಲ್ಲ.

"ನನ್ನನ್ಯಾಕೆ ಕೇಳ್ತೀರಾ ಈರಣ್ಣ? ಗಾಡಿ ಅವಳದು. ಅವಳನ್ನೇ ಕೇಳಿ."

ಮೂವತ್ತು ವರ್ಷದ ದಾಂಪತ್ಯದಲ್ಲಿ ನಾನು ಕೇಳಿದ ಅತಿ ಚಂದದ ಮಾತು ಯಾವುದು ಎಂದು ಯಾರಾದರೂ ಕೇಳಿದರೆ ಇನ್ನು ಮೇಲೆ ಯೋಚಿಸಬೇಕಾಗಿಲ್ಲ.

"ತಪ್ಪು ತಿಳ್ಕೋಬೇಡಿ ಅಣ್ಣ," ಅಂದೆ. "ನಾನು ಮಾರ್ತೀನಂದಿದ್ದು ಓಡದ ಜೀಪನ್ನ. ಅದು ಇದಲ್ಲ."

ಈರಣ್ಣ ಟವೆಲ್ಲು ಕೊಡವಿ ನಕ್ಕರು. "ತೆಲುಸಮ್ಮಾ. ನೀವು ಇಳ್ದು ಮರಳಲ್ಲಿ ಮಂಡಿ ಊರಿದಾಗ್ಲೇ ಗೊತ್ತಾಯ್ತು ನಂಗೆ. ಮಾರೋ ಗಾಡಿಗೆ ಯಾರು ಮಂಡಿ ಊರ್ತಾರೆ?"

ಮರದಡಿ ಕೂತು ಮುದ್ದೆ, ಉಪ್ಸಾರು ಉಂಡರು. ಅವರಿಗೆ ಅನ್ವರ್ ಸಾಬರ ನಂಬರ್ ಕೊಟ್ಟೆ. ಸಾಬರ ಪರಿಚಯದವರ ಬಳಿ ಇನ್ನೊಂದು ಜೀಪು ಇದೆಯಂತೆ. ಕೊಡುವಾಗ ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಸಾಬರು ಬಗ್ಗಿ ಏನಾದರೂ ತೋರಿಸುತ್ತಿದ್ದರೆ ನಿಂಬೆಹಣ್ಣು ಉರುಳಿ ಹೋದರೂ ಹೋಗಲಿ, ತಿರುಗಿ ನೋಡಬೇಡಿ ಅಂತ.

ವಾಪಸು ನದಿ ದಾಟಿ ಟಾರು ರಸ್ತೆ ಮುಟ್ಟಿದಾಗ, ಹೇಳದೆಯೇ ಜಿಗಿದಿಳಿದು ಎರಡೂ ಹಿಡಿಗಳನ್ನು 'ಫ್ರೀ'ಗೆ ತಿರುಗಿಸಿದವರು ಯಜಮಾನರು. ಈಗ ಆ ಕೆಲಸ ಅವರದೇ. ಯಾರಾದರೂ ಸಿಕ್ಕರೆ "ನಮ್ ಜೀಪಿದೆಯಲ್ಲ..." ಎಂದು ಶುರುಮಾಡುತ್ತಾರೆ. ಅತ್ತೆಯವರು ಕುಂಕುಮವನ್ನು ಬಾನೆಟ್ಟಿಗೆ ವರ್ಗಾಯಿಸಿದ್ದಾರೆ. ಸೋಮವಾರ ಶಾಲೆಯ ಗೇಟಿನಲ್ಲಿ ಟ್ರ್ಯಾಕ್ಟರ್ ಸದ್ದು ಮಾಡಿದ ಮಕ್ಕಳನ್ನು ಸಂಜೆ ಜೀಪಿನಲ್ಲಿ ಒಂದು ಸುತ್ತು ಹಾಕಿಸಿದೆ. ಮಂಗಳವಾರದಿಂದ ಅವರು ಮಾಡುತ್ತಿರುವುದು ಜೀಪಿನ ಸದ್ದು. ಟ್ರ್ಯಾಕ್ಟರಿನವನು ತೆಗೆದ ಎರಡನೆಯ ವಿಡಿಯೋ ನಮ್ಮ ಫ್ಯಾಮಿಲಿ ಗ್ರೂಪು ದಾಟಿಲ್ಲ. ದಾಟದಿದ್ದರೆ ಬೇಡ. ಜೀಪು ನದಿ ದಾಟಿತಲ್ಲ.

ಒಂದು ಮಾತು ಮಾತ್ರ ಮನಸ್ಸಿನಲ್ಲಿ ಉಳಿದಿದೆ. ನಾವು ಜೀಪನ್ನು ಎಂದೂ ಕಡೆಗಣಿಸಿರಲಿಲ್ಲ. ವಾರಕ್ಕೆರಡು ಸಲ ಕೈಮುಗಿಯುತ್ತಿದ್ದೆವು. ಹಾಗೆ ಕೈಮುಗಿದೇ ಅದರ ಅರ್ಧ ಬಲವನ್ನು ಮುಚ್ಚಿಟ್ಟಿದ್ದೆವು.

ನಿಮ್ಮ ಮನೆಯಲ್ಲಿ ಹೀಗೆ ಕುಂಕುಮದಡಿ ಮುಚ್ಚಿಹೋಗಿರುವವರು ಯಾರು?